ಮೈಸೂರಿನಿಂದ ಟ್ರ್ಯಾಕ್ ಡೇಗೆ: ಕರಿ, ಮದ್ರಾಸ್, ಬುದ್ಧ – ಮೊದಲು ಯಾವುದು?

ಮೈಸೂರು, ಮಂಡ್ಯ ಕಡೆಯವರು ರೇಸ್ ಟ್ರ್ಯಾಕ್ ಮೇಲೆ ಕಾರು ಓಡಿಸಲು ಕಲಿಯಬೇಕು ಅಂದುಕೊಂಡರೆ ಮೊದಲು ಎದುರಾಗುವುದು ದೂರದ ಲೆಕ್ಕ. ನಮ್ಮ ಸುತ್ತಮುತ್ತ ದೊಡ್ಡ ಡಾಂಬರು ಟ್ರ್ಯಾಕ್ ಇಲ್ಲ. ಯಾದವಗಿರಿಯಲ್ಲಿ ಜಾವಾ, ಯೆಜ್ಡಿ ಬೈಕು ತಯಾರಾಗುತ್ತಿದ್ದ ಊರು ನಮ್ಮದು. ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಲ್ಲಿ ಮಣ್ಣಿನ ಮೇಲೆ ಕಾರು ಓಟ ನೋಡಿ ಮೈಯೆಲ್ಲ ಧೂಳು ಮಾಡಿಕೊಂಡವರೂ ಬೇಕಾದಷ್ಟು ಜನ ಇದ್ದಾರೆ. ಆದರೆ ಡಾಂಬರಿನ ಮೇಲೆ, ಒಂದಾದ ಮೇಲೊಂದು ತಿರುವು ದಾಟುತ್ತಾ ಕಲಿಯಬೇಕು ಅಂದರೆ ಕೊಯಮತ್ತೂರು ಇಲ್ಲವೇ ಚೆನ್ನೈ ಕಡೆ ಹೊರಡಲೇಬೇಕು.

ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇ ಇದೆಯಲ್ಲ ಅನ್ನುವವರಿಗೆ ಎರಡೇ ಮಾತು. ಅಲ್ಲಿ ಕಾರಿಗೆ ಮಿತಿ 100 ಕಿ.ಮೀ. ಕ್ಯಾಮೆರಾಗಳು ಎಲ್ಲ ಕಡೆ ಇವೆ, 130 ದಾಟಿದರೆ ಬರೀ ದಂಡಕ್ಕೆ ಮುಗಿಯದೆ ಎಫ್‌ಐಆರ್‌ವರೆಗೂ ಹೋಗುತ್ತದೆ. ಎರಡನೆಯದು, ನೆಟ್ಟಗಿರುವ ರಸ್ತೆಯಲ್ಲಿ ಕಾಲು ಒತ್ತುವುದು ಯಾರಿಗೆ ಬರುವುದಿಲ್ಲ ಹೇಳಿ? ಅದರಿಂದ ಕಲಿಯುವುದು ಏನೂ ಇಲ್ಲ. ಬೆಳಗಿನ ಜಾವ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಟೈರು ಕಿರುಚಿಸುವವರ ಬಗ್ಗೆ ಹೇಳುವುದೇ ಬೇಡ. ಅಲ್ಲಿ ವಾಕಿಂಗ್‌ಗೆ ಬಂದ ಅಜ್ಜ ಅಜ್ಜಿಯರು ಇರುತ್ತಾರೆ, ದನ ಇರುತ್ತದೆ, ತಿರುವಿನ ಆ ಕಡೆಯಿಂದ ಬಸ್ಸು ಬರುತ್ತದೆ. ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಬೇರೆ ಕಾಯುತ್ತಿರುತ್ತದೆ.

ಟ್ರ್ಯಾಕ್ ಡೇ ಅಂದರೆ ದುಡ್ಡು ಕಟ್ಟಿ ರೇಸ್ ಟ್ರ್ಯಾಕ್ ಮೇಲೆ ಗಾಡಿ ಓಡಿಸುವ ದಿನ, ರೇಸ್ ಅಲ್ಲ ಅನ್ನುವುದು ಗೊತ್ತಿರಲಿ. ಬಂದವರನ್ನು ಅನುಭವ ನೋಡಿ ಗುಂಪು ಮಾಡುತ್ತಾರೆ. ಒಂದೊಂದು ಗುಂಪಿಗೂ ಸರದಿ ಪ್ರಕಾರ ಸುಮಾರು 15–20 ನಿಮಿಷ ಟ್ರ್ಯಾಕ್ ಬಿಟ್ಟುಕೊಡುತ್ತಾರೆ. ಹೊಸಬರ ಗುಂಪಿನಲ್ಲಿ ಓವರ್‌ಟೇಕ್ ಮಾಡಲು ನೇರ ದಾರಿಯಲ್ಲಿ ಮಾತ್ರ ಅವಕಾಶ, ಅದೂ ಮುಂದಿನ ಕಾರಿನವರು ಕೈ ತೋರಿಸಿದ ಮೇಲೆ. ಕಪ್ ಇಲ್ಲ, ಮೊದಲ ಸ್ಥಾನ ಇಲ್ಲ. ರೇಸಿಗೆ ಇಳಿಯಬೇಕಾದರೆ ದೇಶದ ಮೋಟಾರ್ ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ ಎಫ್‌ಎಂಎಸ್‌ಸಿಐನ ಲೈಸೆನ್ಸ್ ಬೇಕು. ಟ್ರ್ಯಾಕ್ ಡೇಗೆ ಸಾಮಾನ್ಯವಾಗಿ ಮಾಮೂಲಿ ಡಿಎಲ್ ಸಾಕು.

ಹಾಗಾದರೆ ಎಲ್ಲಿಗೆ ಹೋಗಬೇಕು, ಯಾವ ಗಾಡಿಯಲ್ಲಿ, ಯಾರ ಹತ್ತಿರ ಕಲಿಯಬೇಕು? ಹೆಚ್ಚಿನವರು ಟ್ರ್ಯಾಕ್‌ನ ಹೆಸರು ನೋಡಿ, ಕಾರಿನ ಪವರ್ ನೋಡಿ ಆರಿಸುತ್ತಾರೆ. ನಾನು ಆರಿಸುವುದು ತಿರುವಿನ ಲೆಕ್ಕದಲ್ಲಿ. ಕಟ್ಟಿದ ದುಡ್ಡಿಗೆ ಎಷ್ಟು ತಿರುವು ಸಿಗುತ್ತದೆ, ಅದೇ ತಿರುವು ಎಷ್ಟು ಸಲ ವಾಪಸ್ ಬರುತ್ತದೆ, ತಪ್ಪಾದಾಗ ಹೇಳಲು ಯಾರಾದರೂ ಇದ್ದಾರಾ, ಇಷ್ಟೇ ನೋಡುವುದು.

ಕೊಯಮತ್ತೂರಿನ ಕರಿ

ಕೊಯಮತ್ತೂರಿನ ದಕ್ಷಿಣಕ್ಕೆ ಚೆಟ್ಟಿಪಾಳ್ಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಎಸ್. ಕರಿವರ್ಧನ್ ಅವರ ಹೆಸರಿನ ಟ್ರ್ಯಾಕ್ ಇದು. ಮಾರುತಿ 800 ಕಾರಿನ ಎಂಜಿನ್ ಹಾಕಿ ಫಾರ್ಮುಲಾ ಮಾರುತಿ ರೇಸ್ ಕಾರು ಕಟ್ಟಿ, ನಮ್ಮಲ್ಲಿ ಸಾಮಾನ್ಯ ಹುಡುಗರಿಗೂ ಒಂಟಿ ಸೀಟಿನ ಕಾರು ಸಿಗುವ ಹಾಗೆ ಮಾಡಿದವರು ಅವರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಟ್ರ್ಯಾಕ್ ಶುರುವಾದದ್ದು 2003ರಲ್ಲಿ. ಉದ್ದ 2.1 ಕಿ.ಮೀ.

ಸಣ್ಣದಾಯಿತಲ್ಲ ಅನ್ನಿಸಬಹುದು. ಹೊಸಬರಿಗೆ ಅದೇ ಲಾಭ. ಟ್ರ್ಯಾಕ್ ಬಿಗಿಯಾಗಿದೆ, ನೇರ ದಾರಿಗಳು ಗಿಡ್ಡ, ಹಾಗಾಗಿ ಮಾಮೂಲಿ ಹ್ಯಾಚ್‌ಬ್ಯಾಕ್ ಕಾರು ಭಯ ಹುಟ್ಟಿಸುವ ವೇಗ ಮುಟ್ಟುವ ಮೊದಲೇ ಮುಂದಿನ ಬ್ರೇಕ್ ಬಂದಿರುತ್ತದೆ. ಒಂದು ತಿರುವಿನಲ್ಲಿ ಎಡವಿದರೆ ಎರಡು ನಿಮಿಷದೊಳಗೆ ಅದೇ ತಿರುವು ಮತ್ತೆ ಎದುರಿಗೆ ನಿಂತಿರುತ್ತದೆ. ಆಗಿನ ತಪ್ಪು ಇನ್ನೂ ತಲೆಯಲ್ಲಿ ಬಿಸಿಯಾಗಿಯೇ ಇರುತ್ತದೆ, ತಿದ್ದಿಕೊಳ್ಳಬಹುದು. ನೋಯ್ಡಾ ಹತ್ತಿರದ ಬುದ್ಧ ಟ್ರ್ಯಾಕ್‌ನಲ್ಲಿ ಒಂದು ಸುತ್ತು ಹಾಕುವಷ್ಟು ದೂರದಲ್ಲಿ ಇಲ್ಲಿ ಸುಮಾರು ಎರಡೂವರೆ ಸುತ್ತು ಮುಗಿಯುತ್ತದೆ.

ನಮಗೆ ಇನ್ನೊಂದು ಅನುಕೂಲ ದಾರಿ. ಚಾಮರಾಜನಗರ, ಹಾಸನೂರು, ದಿಂಬಂ, ಸತ್ಯಮಂಗಲ ಮೇಲೆ ಹೋದರೆ ಕೊಯಮತ್ತೂರಿಗೆ ಸುಮಾರು 200 ಕಿ.ಮೀ. ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಅದು ಹುಲಿ ಕಾಡು, ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಗುಂಡ್ಲುಪೇಟೆ ಮೇಲೆ ಹೋಗೋಣ ಅಂದರೆ ಬಂಡೀಪುರದಲ್ಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕಿರುತ್ತಾರೆ. ಹಾಗಾಗಿ "ರಾತ್ರಿ ಹೊರಟು ಬೆಳಿಗ್ಗೆ ಟ್ರ್ಯಾಕ್‌ಗೆ ಇಳಿಯೋಣ" ಅನ್ನುವ ಪ್ಲಾನ್ ನಡೆಯುವುದಿಲ್ಲ. ಹಿಂದಿನ ದಿನ ಮಧ್ಯಾಹ್ನ ಊಟ ಮಾಡಿ ಹೊರಡಿ, ಕೊಯಮತ್ತೂರಿನಲ್ಲಿ ನಿದ್ದೆ ಮಾಡಿ. ದಿಂಬಂ ಇಳಿಯುವಾಗ ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ತಾಳ್ಮೆಯಿಂದ ಹೋಗಿ. ಮರುದಿನ ಬೇಕಾಗುವ ಬ್ರೇಕನ್ನು ಹಿಂದಿನ ದಿನವೇ ಸುಟ್ಟುಕೊಳ್ಳಬಾರದು.

ಕೊಯಮತ್ತೂರಿನ ಹೊರವಲಯದಲ್ಲಿ ಕೋಸ್ಟ್ ಅಂತ ಹೊಸ ಟ್ರ್ಯಾಕೂ ಬಂದಿದೆ. ಕರಿಗಿಂತ ದೊಡ್ಡದು. ಅದು ನನ್ನ ಲೆಕ್ಕದಲ್ಲಿ ಎರಡನೇ ಸಲಕ್ಕೆ.

ಮದ್ರಾಸ್ ಮತ್ತು ಬುದ್ಧ

ಚೆನ್ನೈನವರು ಮೊದಲು ಶೋಲಾವರಂನ ಹಳೇ ವಿಮಾನದ ರನ್‌ವೇ ಮೇಲೆ ರೇಸ್ ಮಾಡುತ್ತಿದ್ದರು. ಆಮೇಲೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಇರುಂಗಾಟ್ಟುಕೋಟ್ಟೈನಲ್ಲಿ ಸ್ವಂತ ಟ್ರ್ಯಾಕ್ ಕಟ್ಟಿತು. 1990ರಲ್ಲಿ ಶುರುವಾದ ಈ ಟ್ರ್ಯಾಕ್ 3.7 ಕಿ.ಮೀ. ಉದ್ದ, 12 ತಿರುವು. ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ, ಚೆನ್ನೈ ಊರೊಳಗೆ ಹೋಗುವ ಮೊದಲೇ ಸಿಗುತ್ತದೆ. ಮಂಡ್ಯದವರಿಗೆ ಇದು ಕೊಯಮತ್ತೂರಿಗಿಂತ ಸುಲಭದ ದಾರಿ: ಎಕ್ಸ್‌ಪ್ರೆಸ್‌ವೇ ಹತ್ತಿ ಬೆಂಗಳೂರು ದಾಟಿದರೆ ಆಯಿತು. ಬೆಂಗಳೂರು ದಾಟುವುದೇ ಒಂದು ಕೆಲಸ, ಅದು ಬೇರೆ ಮಾತು.

ಇಲ್ಲಿ ತಿರುವುಗಳ ಗುಣವೇ ಬೇರೆ. ಕರಿಯಲ್ಲಿ ಬ್ರೇಕ್ ಹೊಡೆದು ತಿರುಗಿಸುವ ಕೆಲಸ ಜಾಸ್ತಿ. ಮದ್ರಾಸ್‌ನಲ್ಲಿ ವೇಗ ಇಟ್ಟುಕೊಂಡೇ ತಿರುಗಿಸಬೇಕಾದ ಜಾಗಗಳು ಸಿಗುತ್ತವೆ. ಅಲ್ಲಿ ಅರ್ಧ ದಾರಿಯಲ್ಲಿ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಭಾರವೆಲ್ಲ ಮುಂದಕ್ಕೆ ಬಂದು ಹಿಂದಿನ ಚಕ್ರದ ಹಿಡಿತ ಕಡಿಮೆಯಾಗುತ್ತದೆ, ಕಾರು ಗಿರಕಿ ಹೊಡೆಯಬಹುದು. ಗಂಟೆಗೆ 60ರಲ್ಲಿ ಹೀಗಾದರೆ ನಗಬಹುದು, 120ರಲ್ಲಿ ಆದರೆ ನಗು ಬರುವುದಿಲ್ಲ. ಆ ಕಾಲಿನ ಅಭ್ಯಾಸ ಕರಿಯಲ್ಲಿ ತಿದ್ದಿಕೊಂಡು ಆಮೇಲೆ ಇಲ್ಲಿಗೆ ಬನ್ನಿ ಅನ್ನುವುದು ಅದಕ್ಕೇ. ಹವೆಯನ್ನೂ ನೋಡಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕಾರಿಗಿಂತ ಮೊದಲು ನೀವೇ ಸುಸ್ತಾಗುತ್ತೀರಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಕಡೆ ಮಳೆಗಾಲ. ಜನವರಿ, ಫೆಬ್ರವರಿ ಒಳ್ಳೆಯದು.

ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 5.1 ಕಿ.ಮೀ., 16 ತಿರುವು, ಒಂದು ಕಿಲೋಮೀಟರ್ ಹತ್ತಿರದ ನೇರ ದಾರಿ. 2011ರಿಂದ 2013ರವರೆಗೆ ಇಲ್ಲಿ ಫಾರ್ಮುಲಾ ಒನ್ ನಡೆಯಿತು, ಮೂರು ಸಲವೂ ವೆಟ್ಟೆಲ್ ಗೆದ್ದರು. 2023ರಲ್ಲಿ ಬೈಕುಗಳ ದೊಡ್ಡ ರೇಸ್ ಮೋಟೋಜಿಪಿಯೂ ಬಂತು. ಹೋಗಲೇಬೇಕು, ಆದರೆ ಕಲಿತ ಮೇಲೆ. ಮೈಸೂರಿನಿಂದ ಸ್ವಂತ ಕಾರು ಒಯ್ಯುವ ಮಾತೇ ಇಲ್ಲ, ವಿಮಾನದಲ್ಲಿ ಹೋಗಿ ಅಲ್ಲೇ ಗಾಡಿ ಬಾಡಿಗೆಗೆ ಹಿಡಿಯಬೇಕು. ಇನ್ನೊಂದು ಸಮಸ್ಯೆ, ಅಷ್ಟು ಅಗಲದ ಟ್ರ್ಯಾಕ್ ಮೇಲೆ ನಿಮ್ಮ ಸಣ್ಣ ಕಾರು ನಿಂತ ಹಾಗೆ ಅನ್ನಿಸುತ್ತದೆ. ಸಾಲು, ಅಂದರೆ ತಿರುವಿನಲ್ಲಿ ಕಾರು ಹಿಡಿಯಬೇಕಾದ ದಾರಿ, ತಪ್ಪಿದರೂ ಗೊತ್ತೇ ಆಗುವುದಿಲ್ಲ, ಜಾಗ ಅಷ್ಟಿರುತ್ತದೆ. ತಪ್ಪು ಗೊತ್ತಾಗದ ಜಾಗದಲ್ಲಿ ಕಲಿಯುವುದು ಕಷ್ಟ.

ನಿಮ್ಮ ಕಾರಾ, ಅವರ ಕಾರಾ?

ಇದಕ್ಕೆ ಟ್ರ್ಯಾಕ್‌ಗಿಂತ ಜಾಸ್ತಿ ಯೋಚನೆ ಮಾಡಬೇಕು.

ಸ್ವಂತ ಕಾರಿನ ಪರವಾಗಿ ಇರುವ ಮುಖ್ಯ ಮಾತು ಅಂದರೆ, ಅದು ನಿಮಗೆ ಗೊತ್ತಿರುವ ಗಾಡಿ. ಕ್ಲಚ್ ಎಲ್ಲಿ ಹಿಡಿಯುತ್ತದೆ, ಬ್ರೇಕ್ ಎಷ್ಟು ಒತ್ತಬೇಕು ಅನ್ನುವುದು ಕಾಲಿಗೆ ಗೊತ್ತು. ಕಲಿತದ್ದು ನಾಳೆ ರಿಂಗ್ ರೋಡಿನಲ್ಲೂ ಉಪಯೋಗಕ್ಕೆ ಬರುತ್ತದೆ. ಸ್ವಿಫ್ಟ್, ಪೋಲೋ, ಐ20 ತರದ ಕಾರು ಧಾರಾಳವಾಗಿ ಸಾಕು. ಎತ್ತರದ ಎಸ್‌ಯುವಿ ಇದ್ದರೆ ಮೊದಲು ಆಯೋಜಕರನ್ನು ಕೇಳಿ, ಕೆಲವರು ಒಪ್ಪುವುದಿಲ್ಲ.

ಇನ್ನು ಇನ್ಶೂರೆನ್ಸ್. ನಮ್ಮ ಮೋಟಾರ್ ಪಾಲಿಸಿಗಳಲ್ಲಿ ವಾಹನದ ಬಳಕೆಯ ಮಿತಿ ಅಂತ ಒಂದು ಭಾಗ ಇರುತ್ತದೆ. ಆಯೋಜಿತ ರೇಸ್, ವೇಗ ಪರೀಕ್ಷೆ ಇಂಥವುಗಳಿಗೆ ರಕ್ಷಣೆ ಇಲ್ಲ ಅಂತ ಅಲ್ಲೇ ಬರೆದಿರುತ್ತದೆ. ಟ್ರ್ಯಾಕ್ ಡೇ ರೇಸ್ ಅಲ್ಲವಲ್ಲ ಅಂತ ವಾದ ಮಾಡಬಹುದು, ಆದರೆ ಕ್ಲೇಮ್ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಬಂಪರ್ ಹೋದರೆ ನಿಮ್ಮದೇ ಜೇಬು. ಸಾಲದ ಕಂತು ಇನ್ನೂ ಕಟ್ಟುತ್ತಿರುವ ಕಾರನ್ನು ನಾನಂತೂ ಒಯ್ಯುವುದಿಲ್ಲ. ಅದೇ ಕಾರಿನಲ್ಲಿ ಸಂಜೆ ದಿಂಬಂ ಹತ್ತಿ ಮನೆಗೂ ಬರಬೇಕು, ಅಲ್ವಾ?

ಒಯ್ಯುವುದಾದರೆ ತಯಾರಿ ಬೇಕು. ಎಂಜಿನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಬ್ರೇಕ್ ಬಗ್ಗೆ ಕೆಡಿಸಿಕೊಳ್ಳಿ. ವೇಗ ಜಾಸ್ತಿಯಾದ ಹಾಗೆ ನಿಲ್ಲಲು ಬೇಕಾದ ಜಾಗ ವೇಗದ ವರ್ಗದ (ವೇಗ × ವೇಗ) ಪ್ರಮಾಣದಲ್ಲಿ ಏರುತ್ತದೆ. 100ಕ್ಕೆ ಹೋಲಿಸಿದರೆ 120ರಿಂದ ನಿಲ್ಲಲು ಸುಮಾರು ಒಂದೂವರೆ ಪಟ್ಟು ಜಾಗ ಬೇಕು. ಓಡುವ ಕಾರಿನ ಶಕ್ತಿಯೆಲ್ಲ ಡಿಸ್ಕ್ ಮತ್ತು ಪ್ಯಾಡ್‌ನಲ್ಲಿ ಬಿಸಿಯಾಗಿ ನಿಲ್ಲುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಆಯಿಲ್ 230 ಡಿಗ್ರಿವರೆಗೆ ಕುದಿಯದೆ ತಡೆಯಬೇಕು ಅನ್ನುವುದು ಮಾನದಂಡ, ತೇವ ಸೇರಿದರೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಆಯಿಲ್ ಕುದ್ದರೆ ಒಳಗೆ ಗುಳ್ಳೆ ಏಳುತ್ತದೆ, ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಹಾಗಾಗಿ ಹೊರಡುವ ಮೊದಲು ಆಯಿಲ್ ಪೂರ್ತಿ ಬದಲಾಯಿಸಿ. ಪ್ಯಾಡ್ ಅರ್ಧ ಸವೆದಿದ್ದರೆ ಅದನ್ನೂ ಹೊಸದು ಹಾಕಿಸಿ. ನಮ್ಮ ಗ್ಯಾರೇಜ್ ಹುಡುಗ "ಪ್ಯಾಡ್ ಇನ್ನೂ ಹತ್ತು ಸಾವಿರ ಓಡುತ್ತೆ ಸಾರ್, ಸುಮ್ನೆ ಯಾಕೆ ದುಡ್ಡು ಹಾಕ್ತೀರಾ" ಅಂತಲೇ ಅನ್ನುತ್ತಾನೆ. ಅವನು ಹೇಳುವುದು ಸರಿ, ದೇವರಾಜ ಅರಸು ರಸ್ತೆಯ ಟ್ರಾಫಿಕ್ಕಿಗೆ. ಹಳೇ ಪ್ಯಾಡನ್ನು ಬಿಸಾಡದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ, ವಾಪಸ್ ಬರುವಾಗ ಬೇಕಾಗಬಹುದು.

ಟ್ರ್ಯಾಕ್‌ಗೆ ಇಳಿಯುವ ಮೊದಲು ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿ. ಕಾರಿನೊಳಗೆ ಬಿಡಿಯಾಗಿರುವುದನ್ನೆಲ್ಲ ತೆಗೆಯಿರಿ: ನೀರಿನ ಬಾಟಲಿ, ಮ್ಯಾಟು, ಡಿಕ್ಕಿಯ ಜಾಕಿ, ಸ್ಟೆಪ್ನಿ, ಕನ್ನಡಿಗೆ ಕಟ್ಟಿದ ಮಲ್ಲಿಗೆ. ಡ್ಯಾಶ್‌ಬೋರ್ಡ್ ಮೇಲೆ ಎರಡು ಕಡೆ ಗಮ್ಮಿನ ಟೇಪಿನಲ್ಲಿ ಕೂತಿರುವ ಗಣಪತಿಗೂ ಒಂದು ನಮಸ್ಕಾರ ಹಾಕಿ ಬ್ಯಾಗಿನಲ್ಲಿಡಿ. ಜೋರು ಬ್ರೇಕ್ ಬಿದ್ದಾಗ ಪೆಡಲ್ ಕೆಳಗೆ ಏನು ಉರುಳಿದರೂ ಅಪಾಯ. ಓಡಿಸಿ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಬಿಸಿ ಪ್ಯಾಡ್ ಡಿಸ್ಕಿಗೋ ಡ್ರಮ್ಮಿಗೋ ಅಂಟಿಕೊಳ್ಳಬಹುದು. ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಟೈರಿನ ಗಾಳಿ ಬಿಸಿಗೆ ಏರಿರುತ್ತದೆ, ಅದನ್ನು ನೋಡಿ ಬೇಕಾದಷ್ಟು ಇಳಿಸಿ. ಸಂಜೆ ಹೊರಡುವ ಮೊದಲು ಮತ್ತೆ ತುಂಬಿಸಿಕೊಳ್ಳುವುದನ್ನು ಮರೆಯಬೇಡಿ.

ರೇಸಿಂಗ್ ಸ್ಕೂಲಿನ ಕಾರು ತೆಗೆದುಕೊಂಡರೆ ಈ ತಲೆನೋವು ಒಂದೂ ಇಲ್ಲ. ಕೆಲವು ಕಡೆ ರೇಸಿಗೆ ಸಿದ್ಧ ಮಾಡಿದ ಹ್ಯಾಚ್‌ಬ್ಯಾಕ್ ಕೊಡುತ್ತಾರೆ, ಕೆಲವು ಕಡೆ ಮಾರುತಿ ಎಂಜಿನ್ನಿನ, ಒಂಟಿ ಸೀಟಿನ ಎಲ್‌ಜಿಬಿ ಫಾರ್ಮುಲಾ ಕಾರು. ಫಾರ್ಮುಲಾ ಕಾರಿನಲ್ಲಿ ನೆಲಕ್ಕೆ ಅಂಟಿಕೊಂಡ ಹಾಗೆ ಕೂತಿರುತ್ತೀರಿ, ಎಬಿಎಸ್ ಇಲ್ಲ, ಪವರ್ ಸ್ಟೇರಿಂಗ್ ಇಲ್ಲ. ಟೈರು ಏನು ಹೇಳುತ್ತಿದೆ ಅನ್ನುವುದು ನೇರವಾಗಿ ಕೈಗೆ, ಸೊಂಟಕ್ಕೆ ಬರುತ್ತದೆ. ಆದರೆ ಪಕ್ಕದಲ್ಲಿ ಯಾರೂ ಕೂರಲು ಆಗುವುದಿಲ್ಲ. ದಿನದ ಖರ್ಚು ಸ್ವಂತ ಕಾರಿನ ಪ್ರವೇಶ ಶುಲ್ಕಕ್ಕಿಂತ ಜಾಸ್ತಿ ಕಾಣುತ್ತದೆ ನಿಜ. ಆದರೆ ಪ್ಯಾಡ್, ಆಯಿಲ್, ಟೈರು ಸವೆತ, ಪೆಟ್ರೋಲ್ ಎಲ್ಲ ಕೂಡಿಸಿ ನೋಡಿ, ಅಂತರ ಅಷ್ಟೊಂದು ಉಳಿಯುವುದಿಲ್ಲ. ಹಾನಿಯಾದರೆ ಎಷ್ಟು ಕಟ್ಟಬೇಕು ಅನ್ನುವ ಕಾಗದವನ್ನು ಮಾತ್ರ ಓದದೆ ಸಹಿ ಹಾಕಬೇಡಿ.

ಪಕ್ಕದ ಸೀಟು

ಸ್ವಂತ ಕಾರೋ ಅವರ ಕಾರೋ, ಮೊದಲ ದಿನ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂರುವ ವ್ಯವಸ್ಥೆ ಇದ್ದರೆ ಅದನ್ನೇ ಆರಿಸಿ. ಅಲಾಯ್ ಚಕ್ರಕ್ಕೆ ಎತ್ತಿಟ್ಟ ದುಡ್ಡನ್ನು ಇದಕ್ಕೆ ಹಾಕಿ.

ಯಾಕೆ ಅಂದರೆ, ನಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತ ಕೆಲವು ಅಭ್ಯಾಸ ನಮಗೇ ಕಾಣುವುದಿಲ್ಲ. ಬ್ರೇಕ್ ಜೊತೆಗೆ ಕ್ಲಚ್ಚನ್ನೂ ಒತ್ತುವುದು ಅದರಲ್ಲಿ ಮೊದಲನೆಯದು. ಟ್ರ್ಯಾಕ್‌ನಲ್ಲಿ ಕ್ಲಚ್ ಬಿಟ್ಟೇ ಬ್ರೇಕ್ ಜೋರಾಗಿ ಒತ್ತಬೇಕು, ವೇಗ ಇಳಿದ ಮೇಲೆ ಗೇರ್ ಇಳಿಸಬೇಕು. ಎರಡನೆಯದು ಕಣ್ಣು. ನಾವು ಬಾನೆಟ್ ಮುಂದಿನ ರಸ್ತೆ ನೋಡುತ್ತೇವೆ. ಗಂಟೆಗೆ 100ರಲ್ಲಿ ಕಾರು ಸೆಕೆಂಡಿಗೆ 28 ಮೀಟರ್ ಹೋಗುತ್ತದೆ, ನೋಡಿದ ಜಾಗ ಆಗಲೇ ಹಿಂದಾಗಿರುತ್ತದೆ.

ಮಂಡ್ಯದ ಗೆಳೆಯನೊಬ್ಬನ ಪಕ್ಕದಲ್ಲಿ ಕೂತಿದ್ದ ತಮಿಳು ಇನ್‌ಸ್ಟ್ರಕ್ಟರ್ ಇಡೀ ಸುತ್ತು ಹೇಳಿದ್ದು ಎರಡೇ ಮಾತು. ಒಂದು "ಬ್ರೇಕ್". ಇನ್ನೊಂದು, ಎಡಗೈ ಚಾಚಿ ಪಕ್ಕದ ಕಿಟಕಿಯ ಕಡೆ ತೋರಿಸಿ "ಅಂಗೆ ಪಾರುಂಗ" (ಅಲ್ಲಿ ನೋಡಿ). ಹೇರ್‌ಪಿನ್‌ಗೆ ಸ್ಟೇರಿಂಗ್ ತಿರುಗಿಸುವ ಮೊದಲೇ ಗೆಳೆಯ ಕುತ್ತಿಗೆ ಹೊರಳಿಸಿ, ಮುಂದಿನ ಗಾಜು ಬಿಟ್ಟು ಕಿಟಕಿಯಿಂದ ತಿರುವಿನ ತುದಿ ನೋಡಬೇಕಿತ್ತು. ಮೊದಲು ಅವನಿಗೆ ಹುಚ್ಚು ಅನ್ನಿಸಿತಂತೆ. ಕಣ್ಣು ಹೋದ ಕಡೆ ಕೈ ತಾನಾಗಿ ಹೋಗಲು ಶುರುವಾದ ಮೇಲೆ, ತಿರುವಿನ ಮಧ್ಯೆ ಸ್ಟೇರಿಂಗನ್ನು ಎರಡು ಮೂರು ಸಲ ತಿದ್ದುವುದು ನಿಂತೇ ಹೋಯಿತು.

ಸಾಲು ಹಿಡಿಯುವುದನ್ನೂ ಪಕ್ಕದವರೇ ಕಲಿಸಬೇಕು. ಲೆಕ್ಕ ಸುಲಭ. ಮಾಮೂಲಿ ಟೈರು, ಒಣ ಡಾಂಬರು ಇದ್ದರೆ 30 ಮೀಟರ್ ತ್ರಿಜ್ಯದ ತಿರುವನ್ನು ಸುಮಾರು 58 ಕಿ.ಮೀ. ವೇಗದಲ್ಲಿ ದಾಟಬಹುದು. ಹೊರ ಅಂಚಿನಿಂದ ಶುರು ಮಾಡಿ, ಒಳ ಅಂಚು ಮುಟ್ಟಿ, ಮತ್ತೆ ಹೊರ ಅಂಚಿಗೆ ಬಿಟ್ಟರೆ ಅದೇ ತಿರುವು ಕಾರಿಗೆ 40 ಮೀಟರ್‌ನಷ್ಟು ಸಡಿಲವಾಗುತ್ತದೆ, ವೇಗ 67ಕ್ಕೆ ಬರುತ್ತದೆ. ಎಂಜಿನ್ ಮುಟ್ಟದೆ ಸಿಕ್ಕ ವೇಗ ಅದು. ಒಳ ಅಂಚನ್ನು ಸ್ವಲ್ಪ ತಡವಾಗಿ ಮುಟ್ಟಿ ಅಂತ ಹೊಸಬರಿಗೆ ಹೇಳುತ್ತಾರೆ, ಬೇಗ ಮುಟ್ಟಿದರೆ ಹೊರಗೆ ಬರುವಾಗ ಜಾಗ ಸಾಲದೆ ಹುಲ್ಲಿಗೆ ಇಳಿಯಬೇಕಾಗುತ್ತದೆ. ಟೈರಿನ ಹಿಡಿತ ತಿಂಗಳ ಸಂಬಳ ಇದ್ದ ಹಾಗೆ: ಬ್ರೇಕಿಗೆ ಖರ್ಚಾದದ್ದು ಸ್ಟೇರಿಂಗಿಗೆ ಸಿಗುವುದಿಲ್ಲ. ಅದಕ್ಕೇ ಮೊದಲ ದಿನ ಬ್ರೇಕ್ ಕೆಲಸ ನೆಟ್ಟಗಿರುವಾಗಲೇ ಮುಗಿಸಬೇಕು. ಕಾರು ಜಾರಿ ತಿರುಗದ ಹಾಗೆ ತಡೆಯುವ ಇಎಸ್‌ಪಿ ಇದ್ದರೆ ಆನ್ ಇರಲಿ. ಪಿಟ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗದಲ್ಲಿ, ಯಾರಾದರೂ ಆಫ್ ಮಾಡು ಅಂದರೆ ನಕ್ಕು ಬಿಡಿ.

ಕಾರ್ಟ್, ಸಿಮ್ಯುಲೇಟರ್, ಬೈಕು

ಬೆಂಗಳೂರಿನ ಮೆಕೊ ಕಾರ್ಟೋಪಿಯಾ ತರದ ಜಾಗದಲ್ಲಿ ಕೆಲವು ಭಾನುವಾರ ಗೋ-ಕಾರ್ಟ್ ಓಡಿಸಿ ಆಮೇಲೆ ಕರಿಗೆ ಹೋದರೆ ಅರ್ಧ ಕಲಿತ ಹಾಗೆಯೇ. ಕಾರ್ಟ್‌ನಲ್ಲಿ ಸಾಲು ತಪ್ಪಿದರೆ ಮರುಕ್ಷಣವೇ ವೇಗ ಬಿದ್ದುಹೋಗಿದ್ದು ಗೊತ್ತಾಗುತ್ತದೆ. ಮಾಲ್‌ನ ಆಟದ ಕಾರ್ಟ್ ಬೇರೆ, ಅದರಲ್ಲಿ ಮಜಾ ಇದೆ, ಪಾಠ ಕಡಿಮೆ. ಮನೆಯ ಸಿಮ್ಯುಲೇಟರ್ ಟ್ರ್ಯಾಕ್‌ನ ದಾರಿ ಬಾಯಿಪಾಠ ಮಾಡಲು, ಬಾವುಟಗಳ ಅರ್ಥ ತಲೆಗೆ ಹಾಕಿಕೊಳ್ಳಲು ಒಳ್ಳೆಯದು. ಹೊಟ್ಟೆಯಲ್ಲಿ ಆಗುವ ಭಯ ಅದರಲ್ಲಿ ಸಿಗುವುದಿಲ್ಲ.

ಬೈಕಿನವರ ಲೆಕ್ಕ ಬೇರೆ. ಗಾಡಿ ಅಗ್ಗ, ಮೈಮೇಲಿನ ಸಾಮಾನು ದುಬಾರಿ: ಚರ್ಮದ ಸೂಟು, ಗ್ಲೌಸು, ಬೂಟು, ಪೂರ್ತಿ ಮುಚ್ಚುವ ಹೆಲ್ಮೆಟ್. ಕೆಲವು ಆಯೋಜಕರು ಸೂಟು ಬಾಡಿಗೆಗೂ ಕೊಡುತ್ತಾರೆ. ಪಕ್ಕದಲ್ಲಿ ಕೂತು ಹೇಳಿಕೊಡುವವರು ಇರುವುದಿಲ್ಲ, ಹಾಗಾಗಿ ಬರೀ ಟ್ರ್ಯಾಕ್ ಡೇಗಿಂತ ತರಗತಿ ಇರುವ ಸ್ಕೂಲೇ ಮೇಲು. ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಮದ್ರಾಸ್ ಟ್ರ್ಯಾಕ್‌ನಲ್ಲಿ ಶಿಬಿರ ನಡೆಸಿದೆ. ಅವರ ಮೊದಲ ಹಂತದಲ್ಲಿ ಆಕ್ಸಿಲರೇಟರ್ ನಿಯಂತ್ರಣದಿಂದಲೇ ಪಾಠ ಶುರು. ಮೈಸೂರಿನಿಂದ ಬೈಕಿನಲ್ಲೇ ಹೊರಡುವವರಿಗೆ ಒಂದು ಮಾತು: ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕಿಗೆ ಪ್ರವೇಶವಿಲ್ಲ, ಸರ್ವೀಸ್ ರೋಡೇ ಗತಿ.

ದುಡ್ಡು ಕಟ್ಟುವ ಮೊದಲು

ನನ್ನನ್ನು ಕೇಳಿದರೆ ಮೊದಲು ಕಾರ್ಟ್, ಆಮೇಲೆ ಕರಿಯಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಒಂದು ದಿನ, ಅದೇ ಕರಿಯಲ್ಲಿ ಇನ್ನೊಂದು ದಿನ, ಆಮೇಲೆ ಮದ್ರಾಸ್. ಕಂತು ತೀರಿದ ಸಣ್ಣ ಕಾರಿದ್ದರೆ ಅದರಲ್ಲೇ, ಇಲ್ಲದಿದ್ದರೆ ಸ್ಕೂಲಿನ ಹ್ಯಾಚ್‌ಬ್ಯಾಕ್‌ನಲ್ಲಿ. ಒಂದೇ ದಿನದ ಆಸೆ, ಮತ್ತೆ ಹೋಗುವ ಯೋಚನೆ ಇಲ್ಲ ಅನ್ನುವವರು ಮಾತ್ರ ಸೀದಾ ಫಾರ್ಮುಲಾ ಕಾರು ಹತ್ತಲಿ, ಆ ಅನುಭವ ಬೇರೆ ಎಲ್ಲೂ ಸಿಗುವುದಿಲ್ಲ.

ಆಯೋಜಕರಿಗೆ ಫೋನ್ ಮಾಡಿದಾಗ ಶುಲ್ಕ ಎಷ್ಟು ಅನ್ನುವುದಕ್ಕಿಂತ ಮೊದಲು ಟ್ರ್ಯಾಕ್ ಮೇಲೆ ಒಟ್ಟು ಎಷ್ಟು ನಿಮಿಷ ಸಿಗುತ್ತದೆ ಅಂತ ಕೇಳಿ. ಹೊಸಬರ ಗುಂಪಿನಲ್ಲಿ ಒಂದು ಸಲಕ್ಕೆ ಎಷ್ಟು ಕಾರು ಬಿಡುತ್ತಾರೆ, ಇನ್‌ಸ್ಟ್ರಕ್ಟರ್ ಕಾರಿನೊಳಗೆ ಕೂರುತ್ತಾರಾ ಇಲ್ಲ ಬೆಳಿಗ್ಗೆ ಒಂದು ಭಾಷಣ ಮಾಡಿ ಮುಗಿಸುತ್ತಾರಾ, ಆಂಬುಲೆನ್ಸ್ ಮತ್ತು ಬೆಂಕಿ ಆರಿಸುವವರು ಇಡೀ ದಿನ ಇರುತ್ತಾರಾ, ತಡೆಗೋಡೆಗೆ ಗುದ್ದಿದರೆ ಅದರ ದುಡ್ಡೂ ನಾವೇ ಕಟ್ಟಬೇಕಾ, ಹೆಲ್ಮೆಟ್ ಅವರೇ ಕೊಡುತ್ತಾರಾ. ಬೈಕು ಕಾರು ಎರಡಕ್ಕೂ ಒಂದೇ ದಿನ ಇಟ್ಟಿದ್ದರೆ ಸಮಯ ಹೇಗೆ ಹಂಚುತ್ತಾರೆ ಅನ್ನುವುದನ್ನೂ ಕೇಳಿ, ಅಲ್ಲೇ ಅರ್ಧ ದಿನ ಕಳೆದುಹೋಗುತ್ತದೆ. ಮಳೆ ಬಂದು ರದ್ದಾದರೆ ದುಡ್ಡು ವಾಪಸ್ಸಾ, ಮುಂದಿನ ದಿನಕ್ಕೆ ಹಾಕುತ್ತಾರಾ ಅನ್ನುವುದನ್ನು ಮಾತ್ರ ಬಾಯಿಮಾತಿಗೆ ಬಿಡದೆ ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ.